ಮೊದಲು ಒತ್ತಕ್ಷರ ಅಳೆ



ತಮ್ಮ, ಮರ ಕೊರೆಯುವ ಟ್ರಿಮ್ಮರ್ ಯಂತ್ರ ಕೊಂಡಿದ್ದೀಯ, ಮನೆಗಳಿಗೆ ಹೆಸರಿನ ಹಲಗೆ ಕೆತ್ತಿಕೊಡುವ ಕೆಲಸ ಹಿಡಿಯಬೇಕೆಂದಿದ್ದೀಯ ಎಂದು ತಿಳಿದು ತುಂಬ ಸಂತೋಷವಾಯಿತು. ಅದಕ್ಕೆ ಹಾಕುವ ಅಲಗುಗಳ, ಅಂದರೆ ಬಿಟ್‌ಗಳ, ಯಾವ ಸೆಟ್ ತರಲಿ ಎಂದು ಕೇಳಿದ್ದೀಯ. ಹನ್ನೆರಡು ಬಿಟ್ಟಿನ ಡಬ್ಬಿ ಅಗ್ಗಕ್ಕೆ ಸಿಗುತ್ತದೆ, ನಿಜ. ತರಬೇಡ. ಅದರಲ್ಲಿ ಮುಕ್ಕಾಲುಪಾಲು ಬಿಟ್‌ಗಳು ಕಪಾಟು, ಬಾಗಿಲುಗಳ ಅಂಚು ತಿದ್ದುವುದಕ್ಕೆ ಬರುತ್ತವೆಯೇ ಹೊರತು ಅಕ್ಷರಕ್ಕಲ್ಲ. ಕಾಗದ, ಪೆನ್ಸಿಲ್, ಸ್ಕೇಲ್ ಇಟ್ಟುಕೊಂಡು ಕೂತುಕೋ. ಬಿಟ್ ಯಾವುದು ಎಂಬುದನ್ನು ಅಕ್ಷರವೇ ಹೇಳುತ್ತದೆ.

ನನಗೆ ಇದು ತಿಳಿದದ್ದು ಒಂದು ಹಲಗೆ ಕೆಡಿಸಿದ ಮೇಲೆ. ಒಬ್ಬರು ಹೊಸ ಮನೆಗೆ ತೀರಿಕೊಂಡ ತಾಯಿಯ ಹೆಸರಿಟ್ಟಿದ್ದರು: ಸಂಧ್ಯಾ. ಅವರ ತೋಟದ್ದೇ ಹಲಸು, ಒಳ್ಳೆಯ ಹಳದಿ ಚೇಗಿನ ಹಲಗೆ. ನನ್ನ ಹತ್ತಿರ ಆಗ ಇದ್ದದ್ದು 6 ಮಿ.ಮೀ. ದುಂಡು ಮೂತಿಯ ಬಿಟ್ ಒಂದೇ. ಇಡೀ ಹೆಸರನ್ನು ಅದರಲ್ಲೇ ಕೊರೆದೆ. ಧಕಾರದ ಹೊಟ್ಟೆ ಸೀಳುವ ಗೀಟು ಕಾಗದದ ಮೇಲೆ 5 ಮಿ.ಮೀ. ಉದ್ದವಿತ್ತು. ಬಿಟ್ ಹಾಯ್ದಾಗ ಅದು ಕೆಳಗಿನ ದಪ್ಪ ಗೀಟಿನೊಳಗೇ ಕರಗಿಹೋಯಿತು. ಗೋಡೆಗೆ ಏರಿಸಿ ನಾಲ್ಕು ಹೆಜ್ಜೆ ಹಿಂದೆ ಬಂದು ನೋಡಿದರೆ ‘ಸಂದ್ಯಾ’. ಅವರು ಏನೂ ಅನ್ನಲಿಲ್ಲ, ಸುಮ್ಮನೆ ನೋಡುತ್ತ ನಿಂತರು. ಅದೇ ಮರದ ಇನ್ನೊಂದು ಹಲಗೆ ಸಿಕ್ಕಿತು, ಹೊಸದಾಗಿ ಕೆತ್ತಿಕೊಟ್ಟೆ. ಆದರೆ ಆ ನಿಂತ ನಿಲುವನ್ನು ನಾನಿನ್ನೂ ಮರೆತಿಲ್ಲ.

ಯಂತ್ರಕ್ಕೆಂದು ಸಿಗುವ ಅಕ್ಷರದ ಅಚ್ಚುಗಳು ಹೆಚ್ಚಾಗಿ ಇಂಗ್ಲಿಷಿನ ದೊಡ್ಡಕ್ಷರಕ್ಕೆ ಮಾಡಿದವು. ಅಲ್ಲಿ ಎಲ್ಲವೂ ಒಂದೇ ಎತ್ತರ, ಕೆಳಗೆ ಇಳಿಯುವುದಿಲ್ಲ. ನಮ್ಮಲ್ಲಿ ಹಾಗಲ್ಲ. ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಕೆಳಗೆ ಒತ್ತು ಅಥವಾ ಸುಳಿ. ‘ಮಾತೃಕೃಪಾ’ ಎಂದು ಬರೆದು ನೋಡು, ಕೆಳಗಡೆ ಎರಡು ಸುಳಿ ಇಳಿಯುತ್ತವೆ. ಮೂಲ ಅಕ್ಷರ 3 ಇಂಚು ಇದ್ದರೂ ಒತ್ತಕ್ಷರ ಅದರ ಅರ್ಧಕ್ಕಿಂತ ಹೆಚ್ಚಿರುವುದಿಲ್ಲ, ಅದರೊಳಗಿನ ಸಂದು ಮೂರೋ ನಾಲ್ಕೋ ಮಿ.ಮೀ. ಅಷ್ಟೇ. ಆ ಹೆಸರಿನಲ್ಲಿ ಅತ್ಯಂತ ಇಕ್ಕಟ್ಟಾದ ಜಾಗ ಯಾವುದೋ ಅದನ್ನು ಅಳೆ. ಒಂದೇ ಬಿಟ್ಟಿನಲ್ಲಿ ಹೆಸರು ಪೂರ್ತಿ ಮುಗಿಸಬೇಕೆಂದಿದ್ದರೆ ಅದು ಆ ಜಾಗದಲ್ಲಿ ತಿರುಗುವಂತಿರಬೇಕು. ಅಲ್ಲಿ ತಿರುಗದಿದ್ದರೆ ಅಕ್ಷರವನ್ನು ದೊಡ್ಡದು ಮಾಡು, ಇಲ್ಲವೇ ಆ ಭಾಗಕ್ಕೆ ಸಣ್ಣ ಬಿಟ್ ಹಾಕು.

ಕಂಪ್ಯೂಟರಿನ ಅಕ್ಷರವನ್ನು ಮುದ್ರಿಸಿ ಕಾರ್ಬನ್ ಹಾಳೆಯಲ್ಲಿ ಇಳಿಸಿಕೊಳ್ಳುವುದು ತಪ್ಪಲ್ಲ. ಆದರೆ ಅವು ಕಾಗದಕ್ಕೂ ಪರದೆಗೂ ಬರೆದ ಅಕ್ಷರಗಳು. ಒತ್ತನ್ನು ಸ್ವಲ್ಪ ಹಿಗ್ಗಿಸು, ಸೀಳನ್ನು ಉದ್ದ ಮಾಡು. ಸೊನ್ನೆಯನ್ನಂತೂ ಮುದ್ರಣದಲ್ಲಿರುವುದಕ್ಕಿಂತ ದೊಡ್ಡದಾಗಿಯೇ ಬರೆ. ನಡುವೆ ಉಳಿಯುವ ಮರದ ಬೊಟ್ಟು 3-4 ಮಿ.ಮೀ. ಇದ್ದರೆ ಅದರ ಎಳೆಗೆ ಹಿಡಿತವೇ ಇರುವುದಿಲ್ಲ, ಬಿಟ್ ತಾಗಿದ ಕೂಡಲೇ ಹಾರಿಹೋಗುತ್ತದೆ. ಠಕಾರದ ಹೊಟ್ಟೆಯಲ್ಲೂ ಇದೇ ಕಷ್ಟ. ಗೀಟಿನ ದಪ್ಪ ಎಲ್ಲ ಕಡೆ ಒಂದೇ ಇದ್ದು ತುದಿ ದುಂಡಗಿರುವ ಅಕ್ಷರಕ್ಕೆ, ಬಾಲೂ ತಮ್ಮ ಎಂಬ ಫಾಂಟಿನಂಥದ್ದಕ್ಕೆ, ದುಂಡು ಮೂತಿಯ ಬಿಟ್ ಚೆನ್ನಾಗಿ ಒಗ್ಗುತ್ತದೆ. ಬ್ರಷ್ಷಿನಲ್ಲಿ ಬರೆದಂತೆ ದಪ್ಪ ತೆಳು ಆಗುತ್ತ ಹೋಗುವ ಅಕ್ಷರಕ್ಕೆ ವಿ ಆಕಾರದ ಮೂತಿಯ ವಿ-ಬಿಟ್ಟೇ ಬೇಕು.

ವಿ-ಬಿಟ್ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಿನ್ನ ದುಡಿಮೆಯೆಲ್ಲ ಅದರ ಮೇಲೆ ನಿಲ್ಲುತ್ತದೆ. 90 ಡಿಗ್ರಿಯದ್ದಾದರೆ ಗೀಟಿನ ಅಗಲದ ಅರ್ಧ ಆಳ ಸಾಕು, 8 ಮಿ.ಮೀ. ಅಗಲಕ್ಕೆ 4 ಮಿ.ಮೀ. 60 ಡಿಗ್ರಿಯದ್ದರಲ್ಲಿ ಅದೇ ಅಗಲಕ್ಕೆ ಹತ್ತಿರ ಹತ್ತಿರ 7 ಮಿ.ಮೀ. ಇಳಿಸಬೇಕು. ಆಳ ಹೆಚ್ಚಾದಷ್ಟು ನೆರಳು ಗಾಢ, ಬಣ್ಣ ತುಂಬದಿದ್ದರೂ ಹೆಸರು ಗೇಟಿನಿಂದಲೇ ಓದಲು ಬರುತ್ತದೆ. ನಾನು ಮನೆಯ ಹಲಗೆಗೆ 60 ಡಿಗ್ರಿಯನ್ನೇ ಹಿಡಿಯುತ್ತೇನೆ. ಮಳೆಯ ದೃಷ್ಟಿಯಿಂದಲೂ ವಿ ಕೊರೆತವೇ ಮೇಲು. ನೇರ ಬಿಟ್ಟಿನಲ್ಲಿ ಚಪ್ಪಟೆ ತಳ ಮಾಡಿ ಕೊರೆದರೆ, ಹಲಗೆ ಗೋಡೆಗೇರಿದಾಗ ಅಕ್ಷರದ ಕೆಳಗೋಡೆ ಸಣ್ಣ ಕಟ್ಟೆಯಾಗುತ್ತದೆ. ನಮ್ಮ ಅಕ್ಷರಗಳ ಹೊಟ್ಟೆಯೆಲ್ಲ ಕೆಳಗೇ ದುಂಡಗಿರುವುದರಿಂದ ಅಲ್ಲಿ ನೀರೂ ಧೂಳೂ ಕೂತು ಎರಡು ಮಳೆಗಾಲದಲ್ಲಿ ಕಪ್ಪಾಗುತ್ತದೆ. ವಿ ಕೊರೆತದಲ್ಲಿ ಆ ಗೋಡೆ ಹೊರಕ್ಕೆ ಇಳಿಜಾರಾಗಿರುತ್ತದೆ, ನೀರು ಜಾರಿ ಹೋಗುತ್ತದೆ. ಮೂಲೆಗಳ ಚೂಪನ್ನು ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರ ಬಿಟ್ ಮೇಲೆತ್ತುತ್ತ ತಾನೇ ಮಾಡುತ್ತದೆ. ಕೈಯಲ್ಲಿ ಮಾಡುವವನು ಅದನ್ನು ಉಳಿಗೆ ಬಿಡಬೇಕು. ಧಕಾರದ ಸೀಳನ್ನು ಈಗ ನಾನು ಉಳಿಯಲ್ಲೇ ತೆಗೆಯುವುದು.

ಹಾಗಾಗಿ ಸದ್ಯಕ್ಕೆ ನಿನಗೆ ನಾಲ್ಕು ಸಾಕು: 60 ಮತ್ತು 90 ಡಿಗ್ರಿಯ ವಿ, 6 ಮಿ.ಮೀ. ದುಂಡು ಮೂತಿ, 3 ಮಿ.ಮೀ. ನೇರ. ಕಾರ್ಬೈಡ್ ಹಲ್ಲಿನದೇ ಇರಲಿ. ತೇಗದಲ್ಲಿ ಸಿಲಿಕಾ ಇರುತ್ತದೆ, ಬರೀ ಉಕ್ಕಿನ ಅಲಗು ಬೇಗ ಮೊಂಡಾಗುತ್ತದೆ. ಮೊಂಡಾದ ಬಿಟ್ ಮರ ಕೊಯ್ಯುವುದಿಲ್ಲ, ಸುಡುತ್ತದೆ. ಇನ್ನೊಂದು, ಇದನ್ನು ಗಟ್ಟಿಯಾಗಿ ನೆನಪಿಡು: ಬಿಟ್ ಹಿಡಿಯುವ ಕಾಲಿಂಚಿನ ಕಾಲೆಟ್ಟಿಗೆ 6 ಮಿ.ಮೀ. ಕಾಲಿನ ಬಿಟ್ ಹಾಕಬೇಡ. ಕಾಲಿಂಚು ಎಂದರೆ 6.35. ಹಿಡಿದಂತೆ ಕಾಣುತ್ತದೆ, ಆದರೆ ನಿಮಿಷಕ್ಕೆ 30,000 ಸುತ್ತು ತಿರುಗುವಾಗ ಸಡಿಲವಾಗಿ ಕಳಚಿಬಂದರೆ ಕಣ್ಣು ಹೋದೀತು. ಕನ್ನಡಕ ಹಾಕಿಕೊಂಡೇ ಕೂರು.

ದುಂಡು ಗೀಟು ಕೊರೆಯುವಾಗ ಕೈ ನಿಧಾನವಿರಲಿ. ಒಂದು ಸುತ್ತಿನಲ್ಲಿ ಬಿಟ್ ಎರಡು ಕಡೆ ಎಳೆಯ ಜೊತೆಗೂ ಎರಡು ಕಡೆ ಎಳೆಗೆ ಎದುರಾಗಿಯೂ ಹೋಗುತ್ತದೆ. ಸಿಬಿರು ಏಳುವುದು ಅಲ್ಲೇ, ಶಬ್ದ ಬದಲಾದದ್ದು ಕಿವಿಗೆ ಕೇಳುತ್ತದೆ. ಒಂದೇ ಸಲ ಪೂರ್ತಿ ಆಳಕ್ಕೆ ಹೋಗದೆ ಎರಡು ಮೂರು ಮಿ.ಮೀ.ನಂತೆ ಇಳಿಸು. ಸುತ್ತಲಿನ ಮರ ತೆಗೆದು ಉಬ್ಬಕ್ಷರ ಮಾಡುವುದಾದರೆ ಅಕ್ಷರದ ಹೊರಗಡೆ ಗಡಿಯಾರಕ್ಕೆ ವಿರುದ್ಧವಾಗಿ ಸುತ್ತು, ಒಳಹೊಟ್ಟೆಯಲ್ಲಿ ಗಡಿಯಾರದಂತೆ. ತಿರುಗಿಸಿ ಮಾಡಿದರೆ ಯಂತ್ರ ನಿನ್ನ ಕೈಯನ್ನೇ ಎಳೆದುಕೊಂಡು ಓಡುತ್ತದೆ.

ಬೋರ್ಡು ಮಾಡಿಸಲು ಅಂಗಡಿಯವರೂ ಬರುತ್ತಾರೆ. ಕರ್ನಾಟಕದ ಕನ್ನಡ ಭಾಷಾ ಕಾನೂನಿನ 2024ರ ತಿದ್ದುಪಡಿಯ ಪ್ರಕಾರ ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ, ಅದೂ ಮೇಲ್ಭಾಗದಲ್ಲಿ ಇರಬೇಕು. ಬಹಳ ಜನ ಇಂಗ್ಲಿಷಿನ ವಿನ್ಯಾಸ ಮೊದಲೇ ಮಾಡಿಸಿ ತಂದು, ಉಳಿದ ಜಾಗದಲ್ಲಿ ಕನ್ನಡವನ್ನು ಹೇಗಾದರೂ ತುರುಕು ಎನ್ನುತ್ತಾರೆ. ಒಪ್ಪಬೇಡ, ತಮ್ಮ. ಹಾಗೆ ಚಪ್ಪಟೆಯಾದ ಅಕ್ಷರದಲ್ಲಿ ಒತ್ತು ಬರೀ ಗುಂಡಿಯಾಗುತ್ತದೆ. ಕನ್ನಡವನ್ನು ಮೊದಲು ಬರೆದು, ಒತ್ತಿಗೆ ಕೆಳಗೆ ಧಾರಾಳ ಜಾಗ ಬಿಟ್ಟು, ಆಮೇಲೆ ಉಳಿದದ್ದನ್ನು ಕೂರಿಸೋಣ ಎಂದು ಗೌರವದಿಂದಲೇ ಹೇಳು. ಕಾಗದದ ಮೇಲೆ ಎರಡನ್ನೂ ಬರೆದು ತೋರಿಸಿದರೆ ಹೆಚ್ಚಿನವರು ಒಪ್ಪುತ್ತಾರೆ.

ಮೊದಲ ಹೆಸರು ಹಲಗೆಯ ಮೇಲೆ ಬರೆದಾದ ಮೇಲೆ, ಯಂತ್ರ ಹಚ್ಚುವ ಮುಂಚೆ, ನನಗೊಂದು ಫೋಟೋ ಕಳಿಸು. ಒತ್ತಕ್ಷರದ ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆ.