ನೋವಿನ ಪ್ಯಾಚ್: ಅಂಟಿಸುವ ಮುನ್ನ, ಕಿತ್ತ ನಂತರ

ಪ್ರಶ್ನೆ: ನಮ್ಮ ಮಾವನವರಿಗೆ 68 ವರ್ಷ, ಬಾಯಿ ಕ್ಯಾನ್ಸರ್. ಮಾರ್ಫಿನ್ ಮಾತ್ರೆ ನುಂಗಲು ಕಷ್ಟವಾಗಿ ಈಗ ಫೆಂಟನಿಲ್ ಪ್ಯಾಚ್ ಬರೆದುಕೊಟ್ಟಿದ್ದಾರೆ. ಮೊದಲ ದಿನ ಬೆಳಿಗ್ಗೆ ಅಂಟಿಸಿದರೆ ಸಂಜೆಯಾದರೂ ನೋವು ಇಳಿಯಲಿಲ್ಲ. ಇನ್ನೊಂದು ಅಂಟಿಸೋಣವೆಂದು ನಮ್ಮ ಯಜಮಾನರು ಹೇಳಿದರು, ನಾನು ಬೇಡವೆಂದೆ. ಬಿಸಿನೀರಿನ ಬ್ಯಾಗ್ ಇಟ್ಟರೆ ಬೇಗ ಹಿಡಿಯುತ್ತದೆಯೇ?
– ಗೃಹಿಣಿ, ಶಿವಮೊಗ್ಗ

ಉತ್ತರ: ನೀವು ತಡೆದದ್ದು ಒಳ್ಳೆಯದಾಯಿತಮ್ಮ. ಪ್ಯಾಚ್‌ನ ಔಷಧ ಮೊದಲು ಚರ್ಮದಲ್ಲೂ ಅದರಡಿಯ ಕೊಬ್ಬಿನಲ್ಲೂ ಸೇರಿಕೊಂಡು, ಅಲ್ಲಿಂದ ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ. ಮೊದಲ ಪ್ಯಾಚ್ ಚೆನ್ನಾಗಿ ಹಿಡಿಯಲು 12ರಿಂದ 24 ಗಂಟೆ ಬೇಕು. ಸಂಜೆ ಎರಡನೆಯದನ್ನು ಅಂಟಿಸಿದ್ದರೆ, ಮನೆಯವರೆಲ್ಲ ಮಲಗಿರುವ ಹೊತ್ತಿಗೆ ಎರಡರ ಬಲವೂ ಒಟ್ಟಿಗೆ ಏರುತ್ತಿತ್ತು. ನಡುವೆ ಬರುವ ನೋವಿಗೆ ಏನು ಕೊಡಬೇಕೆಂದು ವೈದ್ಯರಿಂದ ಬರೆಸಿಕೊಳ್ಳಿ.

ಬಿಸಿ ಮಾತ್ರ ಬೇಡವೇ ಬೇಡ. ಬಿಸಿನೀರಿನ ಬ್ಯಾಗ್, ಬಟ್ಟೆಯ ಕಾವು, ಸುಡುನೀರಿನ ಸ್ನಾನ ಇವೆಲ್ಲ ಔಷಧವನ್ನು ಒಮ್ಮೆಲೇ ಹೆಚ್ಚಾಗಿ ಒಳಗೆ ಬಿಡುತ್ತವೆ. ಜ್ವರವೂ ಅಷ್ಟೆ: ಮೈ 40 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ ರಕ್ತದಲ್ಲಿ ಔಷಧ ಸುಮಾರು ಮೂರನೇ ಒಂದು ಭಾಗದಷ್ಟು ಹೆಚ್ಚಬಹುದು. ಜ್ವರ ಬಂದ ದಿನವೇ ವೈದ್ಯರಿಗೆ ತಿಳಿಸಿ.

ಸಾಮಾನ್ಯವಾಗಿ 72 ಗಂಟೆಗೊಮ್ಮೆ ಬದಲಾಯಿಸಬೇಕು. ಮೊದಲು ಹಳೆಯದನ್ನು ಕೀಳಿ, ಆಮೇಲೆ ಬೇರೆ ಜಾಗದಲ್ಲಿ ಹೊಸದನ್ನು ಅಂಟಿಸಿ. ಚರ್ಮವನ್ನು ಬರೀ ನೀರಿನಲ್ಲಿ ತೊಳೆದು ಒರೆಸಿ. ಸೋಪು, ಎಣ್ಣೆ ಬೇಡ. ದಿನ, ಸಮಯವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.

ಪ್ರಶ್ನೆ: ಪಕ್ಕದ ಮನೆಯ ಹಿರಿಯರು ತೀರಿಕೊಂಡ ಮೇಲೆ ಉಳಿದ ಪ್ಯಾಚ್ ಕೊಟ್ಟರು. ಅಮ್ಮನ ಮಂಡಿನೋವಿಗೆ ಅಂಟಿಸಿದೆವು. ರಾತ್ರಿ ವಾಂತಿ, ವಿಪರೀತ ತೂಕಡಿಕೆ. ಹೆದರಿ ಕಿತ್ತರೂ ಮರುದಿನವೆಲ್ಲ ಮಂಪರು ಇಳಿಯಲಿಲ್ಲ. ಈಗ ಚೆನ್ನಾಗಿದ್ದಾರೆ. ಅರ್ಧ ಕತ್ತರಿಸಿ ಹಾಕಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಕಾಲು ಭಾಗವೂ ಬೇಡ. ಅಮ್ಮ ಉಳಿದದ್ದು ದೊಡ್ಡದು. ಅಂಗಡಿಯಲ್ಲಿ ಸಿಗುವ ಬೆನ್ನುನೋವಿನ ಪಟ್ಟಿಯಂತೆ ಕಂಡರೂ ಇದರಲ್ಲಿರುವುದು ಮಾರ್ಫಿನ್‌ಗಿಂತ ಸುಮಾರು ನೂರು ಪಟ್ಟು ಪ್ರಬಲವಾದ ಔಷಧ. ಅದಕ್ಕೇ ಇದರ ಪ್ರಮಾಣವನ್ನು ಗಂಟೆಗೆ ಇಷ್ಟು ಮೈಕ್ರೋಗ್ರಾಂ ಎಂದು ಬರೆದಿರುತ್ತಾರೆ. ದಿನಕ್ಕೆ 60 ಮಿಲಿಗ್ರಾಂ ಮಾರ್ಫಿನ್ ಅಥವಾ ಅದಕ್ಕೆ ಸಮನಾದ ಔಷಧವನ್ನು ವಾರವಾದರೂ ತೆಗೆದುಕೊಂಡು ಮೈ ಒಗ್ಗಿದವರಿಗೆ ಮಾತ್ರ ಇದು. ಒಗ್ಗದ ಮೈಯಲ್ಲಿ ಉಸಿರಾಟವನ್ನೇ ನಿಧಾನಿಸಿ ನಿಲ್ಲಿಸಬಲ್ಲದು. ಕತ್ತರಿಸಿದರೆ ಔಷಧ ಅಳತೆ ತಪ್ಪಿ ಬಿಡುಗಡೆಯಾಗಬಹುದು.

ಕಿತ್ತ ಮೇಲೂ ಮಂಪರು ಉಳಿದದ್ದೇಕೆ ಎಂದರೆ, ಚರ್ಮದಲ್ಲಿ ಸೇರಿಕೊಂಡ ಔಷಧ ಅಲ್ಲೇ ಇರುತ್ತದೆ. ರಕ್ತದಲ್ಲಿ ಅದು ಅರ್ಧಕ್ಕಿಳಿಯಲು 17 ಗಂಟೆಯೋ ಇನ್ನೂ ಹೆಚ್ಚೋ ಬೇಕು. ಯಾರಲ್ಲಾದರೂ ಎಬ್ಬಿಸಿದರೂ ಏಳದ ನಿದ್ದೆ, ನಿಧಾನವಾದ ಅಥವಾ ಗೊರಗೊರ ಉಸಿರು, ಸೂಜಿಮೊನೆಯಷ್ಟಾದ ಕಣ್ಣುಪಾಪೆ, ನೀಲಿಗಟ್ಟಿದ ತುಟಿ ಕಂಡರೆ ಪ್ಯಾಚ್ ಕಿತ್ತು 108ಕ್ಕೆ ಕರೆ ಮಾಡಿ. ಎಚ್ಚರವಾದರೂ ಆಸ್ಪತ್ರೆಗೆ ಹೋಗಲೇಬೇಕು. ಇದಕ್ಕೆ ಪ್ರತಿಮದ್ದಾದ ನಲಾಕ್ಸೋನ್‌ನ ಪ್ರಭಾವ ಬೇಗ ಇಳಿಯುತ್ತದೆ. ಆಗ ಚರ್ಮದೊಳಗಿನ ಔಷಧ ಮತ್ತೆ ಮಂಪರು ತರಬಹುದು.

ಪ್ರಶ್ನೆ: ಮನೆಯಲ್ಲಿ ಎರಡು ವರ್ಷದ ಮೊಮ್ಮಗಳಿದ್ದಾಳೆ. ಬಳಸಿದ ಪ್ಯಾಚನ್ನು ಕಸದ ಬುಟ್ಟಿಗೆ ಹಾಕಬಹುದೇ?
– ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಬೇಡ ಸರ್. ಮೂರು ದಿನ ಕಳೆದರೂ ಅದರಲ್ಲಿ ಮಗುವಿನ ಪ್ರಾಣ ತೆಗೆಯುವಷ್ಟು ಔಷಧ ಉಳಿದಿರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಮಕ್ಕಳಿಗೆ ಈ ಪ್ಯಾಚ್ ಆಕಸ್ಮಿಕವಾಗಿ ಸೋಕಿದ 15 ವರ್ಷಗಳ 26 ಪ್ರಕರಣಗಳನ್ನು 2012ರಲ್ಲಿ ಮುಂದಿಟ್ಟಿತು. ಹತ್ತು ಮಕ್ಕಳು ಸತ್ತಿದ್ದರು; 26ರಲ್ಲಿ 16 ಮಕ್ಕಳು ಎರಡು ವರ್ಷದವರು ಅಥವಾ ಅದಕ್ಕೂ ಚಿಕ್ಕವರು. ಬುಟ್ಟಿಯಲ್ಲಿ ಸಿಕ್ಕಿದ್ದನ್ನು ಮಗು ಬಾಯಿಗೆ ಹಾಕಿಕೊಳ್ಳಬಹುದು, ಮೈಗೆ ಅಂಟಿಸಿಕೊಳ್ಳಬಹುದು. ದೊಡ್ಡವರ ಮೈಯಿಂದ ಸಡಿಲವಾಗಿ, ಪಕ್ಕದಲ್ಲಿ ಮಲಗಿದ ಮಗುವಿಗೆ ಅಂಟಿಕೊಳ್ಳುವುದೂ ಉಂಟು.

ಕಿತ್ತ ಕೂಡಲೇ ಅಂಟಿನ ಬದಿ ಒಳಗಾಗುವಂತೆ ಮಡಿಸಿ ಒತ್ತಿ. ಆಸ್ಪತ್ರೆ ವಾಪಸು ಪಡೆಯುವುದಾದರೆ ಬೀಗ ಹಾಕಿದ ಡಬ್ಬಿಯಲ್ಲಿಟ್ಟು ಒಪ್ಪಿಸಿ. ಇಲ್ಲವಾದರೆ ಶೌಚಾಲಯದಲ್ಲಿ ಹಾಕಿ ನೀರು ಬಿಡಿ. ಆಮೇಲೆ ಕೈ ತೊಳೆಯಿರಿ. ಹೊಸ ಪ್ಯಾಚ್‌ಗಳೂ ಬೀಗದೊಳಗಿರಲಿ.

ಪ್ರಶ್ನೆ: ಅಮ್ಮನಿಗೆ ಕ್ಯಾನ್ಸರ್. ಪ್ಯಾಚ್ ಚಟ ಹಿಡಿಸುತ್ತದೆಂದು ನೆಂಟರೊಬ್ಬರು ಹೆದರಿಸಿದ್ದಕ್ಕೆ ನಾಲ್ಕು ದಿನದ ಹಿಂದೆ ಕಿತ್ತೆವು. ರಾತ್ರಿಯೆಲ್ಲ ನರಳುತ್ತಾರೆ.
– ಮಗಳು, ಮಂಡ್ಯ

ಉತ್ತರ: ಇಷ್ಟೆಲ್ಲ ಎಚ್ಚರಿಕೆ ಬರೆದದ್ದು ಯಾರನ್ನೂ ನೋವಿಗೆ ಬಿಟ್ಟುಕೊಡಲು ಅಲ್ಲಮ್ಮ. ವೈದ್ಯರ ನಿಗಾದಲ್ಲಿ ಕ್ಯಾನ್ಸರ್ ನೋವಿಗೆ ಬಳಸುವಾಗ ಚಟ ಅಂಟುವುದು ಅಪರೂಪ. ಒಮ್ಮೆಲೇ ನಿಲ್ಲಿಸಿದಾಗ ಬರುವ ಬೆವರು, ನಡುಕ, ಭೇದಿ ಮೈ ಔಷಧಕ್ಕೆ ಒಗ್ಗಿದ್ದರ ಗುರುತು, ಅದು ಚಟವಲ್ಲ. ಇಂಥ ರೋಗಿಗಳಿಗೆ ಮದ್ದು ಸಿಗಲೆಂದೇ 2014ರಲ್ಲಿ ನಮ್ಮ ಮಾದಕವಸ್ತು ಕಾನೂನಿಗೆ ತಿದ್ದುಪಡಿ ತಂದು 'ಅಗತ್ಯ ಮಾದಕ ಔಷಧ'ಗಳ ವರ್ಗ ಮಾಡಲಾಯಿತು, ಫೆಂಟನಿಲ್ ಅದರಲ್ಲಿದೆ.

ಆದರೆ ಕಿತ್ತಿಟ್ಟ ಅದೇ ಪ್ರಮಾಣವನ್ನು ನೀವೇ ಮತ್ತೆ ಅಂಟಿಸಬೇಡಿ. ನಾಲ್ಕು ದಿನದಲ್ಲಿ ಮೈಯ ಒಗ್ಗಿಕೆ ಕಡಿಮೆಯಾಗಿರುತ್ತದೆ. ಪ್ಯಾಚ್ ಬರೆದುಕೊಟ್ಟ ವೈದ್ಯರಿಗೆ ಇಂದೇ ಫೋನ್ ಮಾಡಿ, ಕಿತ್ತ ದಿನವನ್ನೂ ನಿದ್ರೆಮಾತ್ರೆ ಏನಾದರೂ ಕೊಡುತ್ತಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ನಿಮ್ಮನ್ನು ಬೈಯಲು ಯಾರಿಗೂ ಪುರುಸೊತ್ತಿರುವುದಿಲ್ಲ. ಅಮ್ಮನಿಗೆ ಇವತ್ತು ರಾತ್ರಿ ನಿದ್ದೆ ಬರಬೇಕು, ಅಷ್ಟೆ.