ಕರಾರಿನ ಕೂಲಿ

ಸಾಲಕ್ಕೆ ಸಿಕ್ಕಿ ದುಡಿಯುವುದನ್ನು ನಾವು ಜೀತವೆನ್ನುತ್ತೇವೆ. 17ನೆಯ ಶತಮಾನದಲ್ಲಿ ಇಂಗ್ಲೆಂಡಿನ ಬಡವರು ಹಡಗಿನ ಖರ್ಚಿಗಾಗಿ ಅಮೆರಿಕದಲ್ಲಿ 4ರಿಂದ 7 ವರ್ಷ ದುಡಿಯಲು ಕರಾರು ಬರೆದುಕೊಡುತ್ತಿದ್ದರು. ಐರಿಷರೂ ಜರ್ಮನರೂ ಹೀಗೆಯೇ ಹೋದರು. ನಮ್ಮ ಆದವಾನಿಯು ಬಳ್ಳಾರಿ ಜಿಲ್ಲೆಯಲ್ಲಿದ್ದ ಕಾಲದಲ್ಲಿ, 1860ರಲ್ಲಿ, ಮದ್ರಾಸಿನಿಂದ ‘ಟ್ರೂರೋ’ ಹಡಗು ಕರಾರಿನ ಕೂಲಿಗಳನ್ನು ಆಫ್ರಿಕದ ನೇಟಾಲಿಗೆ ಒಯ್ದಿತು.

ಕರಾರಿಗೆ ಅವಧಿಯುಂಟು, ಜೀತಕ್ಕೆ ಅದೂ ಇಲ್ಲ. ಬಡ್ಡಿ ಬೆಳೆದು ಅಪ್ಪನ ಸಾಲ ಮಗನ ತಲೆಗೆ ಬರುತ್ತಿತ್ತು. 1976ರ ಕಾಯಿದೆ ಜೀತವನ್ನೂ ಅದರ ಸಾಲವನ್ನೂ ರದ್ದುಮಾಡಿತು.

ಆದರೂ ಮಳೆ ಕೈಕೊಟ್ಟರೆ ನಮ್ಮವರು ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ ಗುಳೆ ಹೋಗುತ್ತಾರೆ. ಪೋಷಕರೇ, ಮುಂಗಡ ಪಡೆಯುವ ಮುನ್ನ ಚೀಟಿಯನ್ನು ಮಕ್ಕಳಿಂದ ಓದಿಸಿ ಕೇಳಿರಿ. ಹೋಗುವಾಗ ಅವರನ್ನು ಅಜ್ಜ-ಅಜ್ಜಿಯರ ಬಳಿ ಬಿಟ್ಟು, ಶಾಲೆ ತಪ್ಪದಂತೆ ನೋಡಿಕೊಳ್ಳಿರಿ. ಲೆಕ್ಕ ಓದಬಲ್ಲವನನ್ನು ಕಟ್ಟಿಹಾಕುವುದು ಕಷ್ಟ.