ಕಾರ್ಡ್ ಇದ್ದರೆ ಸಾಲದು, ಯಾದಿಯಲ್ಲಿ ಹೆಸರಿರಬೇಕು



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳಿಂದ ಎಷ್ಟೋ ಮಂದಿ ಗೋವಾ, ಪುಣೆ, ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ನಮ್ಮ ಕಾಕಾ, ಚಿಗವ್ವ ದೀಪಾವಳಿ ಮುಗಿಯುತ್ತಲೇ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿ, ಯುಗಾದಿ ಹೊತ್ತಿಗೆ ತಿರುಗಿ ಬರುತ್ತಾರೆ. ಅಲ್ಲಿಯತನಕ ಮನೆಗೆ ಕೀಲಿ.

2023ರ ಮೇ 10ರಂದು ವಿಧಾನಸಭೆ ಚುನಾವಣೆ ಇತ್ತು. ಕಾಕಾನ ಸಂಗಡ ನಾನೂ ಮತಗಟ್ಟೆಯ ಬಾಗಿಲತನಕ ಹೋಗಿದ್ದೆ. ಒಳಗೆ ಹೋದವನು ಹಾಗೇ ಹೊರಗೆ ಬಂದ. "ಕಾರ್ಡ್ ಐತಲ್ರೀ ಸಾಹೇಬ್ರ ಅಂದೆ. ಯಾದ್ಯಾಗ ನಿನ್ನ ಹೆಸರಿಲ್ಲ ತಮ್ಮಾ, ಕಾರ್ಡಿದ್ರೂ ನಡ್ಯಂಗಿಲ್ಲ ಅಂದ್ರು" ಎಂದ. ಚಿಗವ್ವನ ಹೆಸರೂ ಇರಲಿಲ್ಲ. "ಹುಟ್ಟಿದ ಊರಾಗ ನಾವು ಇಲ್ಲೇನು?" ಎಂದು ಆಕೆ ಕಣ್ಣೀರು ಹಾಕಿದಳು.

ಹೀಗೇಕೆ ಆಯಿತೆಂದು ನಮ್ಮ ಗುರುಗಳನ್ನು ಕೇಳಿದೆ. ಯಾದಿಯನ್ನು ಪ್ರತಿವರ್ಷ ತಿದ್ದುತ್ತಾರೆ. ಸಾಮಾನ್ಯವಾಗಿ ಅಕ್ಟೋಬರ್-ನವೆಂಬರಿನಲ್ಲಿ ಕರಡು ಯಾದಿ, ಜನವರಿಯಲ್ಲಿ ಅಂತಿಮ ಯಾದಿ ಬರುತ್ತದೆ. ಕಬ್ಬಿನ ಹಂಗಾಮೂ ಆವಾಗಲೇ! ಕೀಲಿ ನೋಡಿ "ಊರು ಬಿಟ್ಟಾರ" ಎಂದು ಬರೆದುಕೊಂಡಿರಬಹುದು ಎಂದರು.

ಆದರೆ ಕಾಯ್ದೆ ಏನು ಹೇಳುತ್ತದೆ? 1950ರ ಪ್ರಜಾಪ್ರತಿನಿಧಿತ್ವ ಕಾಯ್ದೆಯ ಪ್ರಕಾರ ಒಬ್ಬನು ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತಾನೋ ಅಲ್ಲಿ ಮತದಾರ. ಕೆಲವು ದಿನ ಹೊರಗೆ ಹೋದ ಮಾತ್ರಕ್ಕೆ ವಾಸ ತಪ್ಪುವುದಿಲ್ಲ. ಹಾಗೆಯೇ ಊರಲ್ಲಿ ಬರೀ ಸ್ವಂತ ಮನೆ ಇದ್ದರೆ ಅದೊಂದರಿಂದಲೇ ವಾಸ ಆಗುವುದೂ ಇಲ್ಲ. ಊರು ಬಿಟ್ಟಿದ್ದಾನೆಂದು ಹೆಸರು ತೆಗೆಯುವ ಮುಂಚೆ ಅವನ ಮಾತು ಕೇಳಲು ಅವಕಾಶ ಕೊಡಬೇಕು.

ಕಾಕಾ ಸುಮ್ಮನೆ ಕೂಡಲಿಲ್ಲ. ಇಬ್ಬರದೂ ನಮೂನೆ 6 ತುಂಬಿ ಬಿ.ಎಲ್.ಓ. ಅವರಿಗೆ ಕೊಟ್ಟ. ವಾಸದ ಪುರಾವೆಗೆ ಆಧಾರ್, ಬ್ಯಾಂಕ್ ಪಾಸ್‌ಬುಕ್, ಹೊಲದ ಕಾಗದ, ಕರೆಂಟ್ ಬಿಲ್ಲು ಇವುಗಳಲ್ಲಿ ಒಂದು ಸಾಕು. ಮನೆಯ ಕರೆಂಟ್ ಬಿಲ್ಲು ಅಜ್ಜನ ಹೆಸರಿನಲ್ಲಿತ್ತು. ತಂದೆ ಅದೇ ವಿಳಾಸದ ಮತದಾರರಾಗಿದ್ದರೆ ಅವರ ಹೆಸರಿನ ಬಿಲ್ಲೂ ನಡೆಯುತ್ತದೆ. 2024ರ ಮೇ 7ರಂದು ಲೋಕಸಭೆ ಚುನಾವಣೆಯಲ್ಲಿ ಇಬ್ಬರೂ ಮತ ಹಾಕಿ ಬೆರಳು ತೋರಿಸಿದರು.

ನೆನಪಿಡಿರಿ:
1. ಯಾದಿಯಲ್ಲಿ ಹೆಸರಿದ್ದು ಮತದಾರರ ಕಾರ್ಡ್ ಕಳೆದಿದ್ದರೆ ಆಧಾರ್, ಉದ್ಯೋಗ ಖಾತ್ರಿ ಕಾರ್ಡ್ ಮುಂತಾದವು ನಡೆಯುತ್ತವೆ.
2. ಎರಡು ಊರಿನಲ್ಲಿ ಹೆಸರು ಇರಬಾರದು. ಸುಳ್ಳು ಹೇಳಿ ಬರೆಸಿದರೆ ಒಂದು ವರ್ಷದವರೆಗೆ ಜೈಲು ಆಗಬಹುದು.
3. ಪೂರ್ತಿ ಬೇರೆ ಊರಿಗೆ ಹೋದವರು ನಮೂನೆ 8 ಕೊಟ್ಟು ಹೆಸರು ವರ್ಗಾಯಿಸಿಕೊಳ್ಳಬೇಕು.
4. 17 ತುಂಬಿದವರು ಮುಂಗಡ ಅರ್ಜಿ ಕೊಡಬಹುದು. ಮತ ಮಾತ್ರ 18ಕ್ಕೆ.

ನಮಗಿನ್ನೂ ಮತವಿಲ್ಲ, ಆದರೆ ಓದು ಬರುತ್ತದೆ. ಕರಡು ಯಾದಿ ಬಂದಾಗ ನಿಮ್ಮ ಮನೆಯವರ ಹೆಸರು ಓದಿ ನೋಡಿರಿ. ಪಕ್ಕದ ಮನೆಗೆ ಕೀಲಿ ಇದ್ದರೆ ಅವರ ಹೆಸರನ್ನೂ ನೋಡಿರಿ.